ಮೂರನೇ ಪಕಾಸಿ

ನಮ್ಮ ಮನೆಯ ಜಗಲಿಯಲ್ಲಿ ನಡೆದ ಕೊನೆಯ ಸತ್ಯನಾರಾಯಣ ಪೂಜೆಯನ್ನು ಅಪ್ಪಯ್ಯ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ನನ್ನ ಮಗಳು ಓದಿಕೊಳ್ಳುವ ತಿರುಗುಕುರ್ಚಿಯಲ್ಲಿ ಕುಳಿತು ನೋಡಿದರು. ನೋಡಿದರು ಅನ್ನುವುದು ಪೂರ್ತಿ ಸರಿಯಲ್ಲ. ಪೂಜೆಯನ್ನು ಅವರು ನೋಡಲಿಲ್ಲ. ಅದನ್ನೇ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಅದರ ಹಿಂದಿನ ಮಳೆಗಾಲದಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಬೆಂಗಳೂರಿಗೆ ಕರೆತಂದೆ. ವಾಕರ್ ಹಿಡಿದು ಮಂಚದಿಂದ ಬಾಲ್ಕನಿಯವರೆಗೆ ಬರುವಷ್ಟಾದರು, ಅಷ್ಟೇ. ತೀರ್ಥಹಳ್ಳಿಯಿಂದಲೂ ಮುಂದೆ, ಟಾರು ರಸ್ತೆ ಮುಗಿದ ಮೇಲೂ ಎರಡು ಕಿಲೋಮೀಟರ್ ಮಣ್ಣುದಾರಿ ಇರುವ ಮನೆ ನಮ್ಮದು. ಅಷ್ಟು ಹೊತ್ತು ಕಾರಿನಲ್ಲಿ ಕೂರುವುದು ಅವರಿಂದ ಆಗದ ಮಾತು. ಅಮ್ಮ ಹೋಗಿ ಆರು ವರ್ಷವಾಗಿತ್ತು. ಬೀಗ ಹಾಕಿದ ಮನೆ, ನೋಡಿಕೊಳ್ಳುವವರಿಲ್ಲದ ತೋಟ. ಮಾರುವ ಮಾತು ತೆಗೆದದ್ದು ನಾನೇ. ಜಗಳವಾದೀತು ಎಂದು ಒಂದು ವಾರ ಮನಸ್ಸಿನಲ್ಲೇ ವಾದ ಕಟ್ಟಿಕೊಂಡು ಹೋಗಿದ್ದೆ. ಅಪ್ಪಯ್ಯ ಪೇಪರಿನಿಂದ ತಲೆ ಎತ್ತದೆ, "ಆಯ್ತು ಮಾರಾಯ, ನಿಂಗೆ ಹೇಗೆ ಅನುಕೂಲವೋ ಹಾಗೆ" ಎಂದುಬಿಟ್ಟರು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಕೊಳ್ಳುವವನು ಪಕ್ಕದೂರಿನವನೇ, ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನ ತಮ್ಮ. ಅಡ್ವಾನ್ಸ್ ಕೊಟ್ಟಿದ್ದ, ರಿಜಿಸ್ಟರಿನ ದಿನ ಗೊತ್ತಾಗಿತ್ತು. ಮನೆ ಬಿಟ್ಟುಕೊಡುವ ಮೊದಲು ಒಂದು ಪೂಜೆ ಮಾಡಿಸಿಬಿಡಿ ಎಂದು ಅತ್ತೆ, ಅಂದರೆ ಅಪ್ಪಯ್ಯನ ತಂಗಿ, ಫೋನಿನಲ್ಲಿ ಹೇಳಿದರು. ಆಗ ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಅಪ್ಪಯ್ಯನನ್ನು ಮನೆಗೆ ಒಯ್ಯಲಾಗದಿದ್ದರೆ ಏನಂತೆ, ಮನೆಯನ್ನೇ ಅಪ್ಪಯ್ಯನ ಹತ್ತಿರ ತರುತ್ತೇನೆ ಎಂದುಕೊಂಡೆ.

ಹದಿನೈದು ವರ್ಷದಿಂದ ನಾನು ಮಾಡುತ್ತಿರುವುದು ಅದೇ ಕೆಲಸ. ಮದುವೆಮನೆಗಳಲ್ಲಿ ಕೇಳಿದವರಿಗೆ 'ಸಾಫ್ಟ್‌ವೇರ್' ಎಂದು ಹೇಳಿ ಮುಗಿಸುತ್ತೇನೆ. ನಿಜಕ್ಕೂ ನನ್ನದು ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡುವ ಕಸುಬು. ಈಚಿನ ಕೆಲವು ವರ್ಷ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ನೋಡುವ ವಿಆರ್ ವಿಡಿಯೊವನ್ನು. ಎಷ್ಟು ಹಿಂಡಬೇಕು ಎನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ನಾನು ಜಗಲಿಯಲ್ಲಿಟ್ಟ ಕ್ಯಾಮೆರಾ ಸುತ್ತಲಿನ 360 ಡಿಗ್ರಿಯನ್ನು, ಮೇಲೂ ಕೆಳಗೂ ಸೇರಿಸಿ, 3840 ಪಿಕ್ಸೆಲ್ ಅಗಲ 1920 ಪಿಕ್ಸೆಲ್ ಎತ್ತರದ ಚಿತ್ರವಾಗಿ ಸೆಕೆಂಡಿಗೆ 30 ಸಲ ಕೊಡುತ್ತದೆ. ಪಿಕ್ಸೆಲ್ಲಿಗೆ 12 ಬಿಟ್ ಹಿಡಿದರೆ ಸೆಕೆಂಡಿಗೆ 265 ಕೋಟಿ ಬಿಟ್. ನಮ್ಮ ಮನೆ ಇರುವುದು ಕಣಿವೆಯಲ್ಲಿ. ಹಿಂದಿನ ಗುಡ್ಡದ ಮೇಲೆ ಒಂದು ಕಡೆ ಮಾತ್ರ ಸಿಗ್ನಲ್ ಸಿಗುತ್ತದೆ. ಅಲ್ಲಿ ಹಲಸಿನ ಮರಕ್ಕೆ ರೌಟರ್ ಕಟ್ಟಿ, ಕೊಟ್ಟಿಗೆಯ ಮಾಡಿನ ಮೇಲಿಂದ 80 ಮೀಟರ್ ಕೇಬಲ್ ಎಳೆದು ತಂದರೂ ಮೇಲಕ್ಕೆ ಕಳಿಸಲು ದಕ್ಕಿದ್ದು ಸೆಕೆಂಡಿಗೆ 50 ಲಕ್ಷ ಬಿಟ್, ಅದೂ ಮೋಡವಿಲ್ಲದಾಗ. ಐನೂರು ಚಿಲ್ಲರೆ ಪಾಲಿನಲ್ಲಿ ಒಂದು ಪಾಲು ಮಾತ್ರ ಬೆಂಗಳೂರಿಗೆ ಹೋಗಬೇಕು, ಉಳಿದದ್ದನ್ನು ಎಸೆಯಬೇಕು.

ಎಸೆಯುವ ವಿದ್ಯೆಯ ಬುಡದಲ್ಲಿರುವವರು ಬೆಂಗಳೂರಿನವರೇ ಎಂದರೆ ಅನೇಕರು ನಂಬುವುದಿಲ್ಲ. ನಾಸಿರ್ ಅಹ್ಮದ್ 1940ರಲ್ಲಿ ಇಲ್ಲಿ ಹುಟ್ಟಿ, ಈಗ ಯುವಿಸಿಇ ಎಂದು ಕರೆಯುವ ಕಾಲೇಜಿನಲ್ಲಿ 1961ರಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವ ಉಪಾಯ ಅವರದು. 1972ರಲ್ಲಿ ಅದಕ್ಕೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನಿಂದ ಹಣ ಕೇಳಿದಾಗ ಸಿಗಲಿಲ್ಲ. ಪರಿಶೀಲಿಸಿದವರೊಬ್ಬರಿಗೆ ಇದು ತೀರಾ ಸರಳ ಅನ್ನಿಸಿತಂತೆ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಸೇರಿ 1974ರಲ್ಲಿ ಅದನ್ನು ಪ್ರಕಟಿಸಿದರು. ಇವತ್ತು ನಮ್ಮ ಫೋನಿಗೆ ಬರುವ ಹೆಚ್ಚುಕಡಿಮೆ ಪ್ರತಿ ಫೋಟೋ, ಪ್ರತಿ ವಿಡಿಯೊ ಆ ಸರಳ ಉಪಾಯದ ಮಕ್ಕಳು, ಮೊಮ್ಮಕ್ಕಳು. ದೊಡ್ಡ ಅಲೆಗಳು ಅಂದರೆ ಗೋಡೆಯ ಬಿಳುಪು, ಆಕಾಶದ ನೀಲಿ. ಸಣ್ಣ ಅಲೆಗಳು ಅಂದರೆ ಗೋಡೆಯ ಬಿರುಕು, ಸೀರೆಯ ನೇಯ್ಗೆ. ಜಾಗ ಸಾಲದಾದಾಗ ಸಣ್ಣ ಅಲೆಗಳನ್ನು ಸೊನ್ನೆ ಮಾಡುತ್ತೇವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಅಥವಾ ಗೊತ್ತಾಗುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ.

ವಿಆರ್‌ನಲ್ಲಿ ಇನ್ನೊಂದು ತೊಡಕು. ನೀವು ಗೋಳದ ಒಳಗೆ ಕೂತಿದ್ದೀರಿ. ಆದರೆ ವಿಡಿಯೊ ಹಿಂಡುವ ಯಂತ್ರಕ್ಕೆ ಗೋಳ ಗೊತ್ತಿಲ್ಲ, ಆಯತ ಮಾತ್ರ ಗೊತ್ತು. ಶಾಲೆಯ ಗೋಡೆಯ ಭೂಪಟದ ಹಾಗೆ ಗೋಳವನ್ನು ಬಿಚ್ಚಿ ಹರಡಬೇಕು. ಹರಡಿದಾಗ ನೆತ್ತಿಯ ಮೇಲಿನ ಒಂದೇ ಒಂದು ಬಿಂದು ಆಯತದ ಮೇಲಂಚಿನ ಇಡೀ ಸಾಲಾಗಿ ಎಳೆದುಕೊಳ್ಳುತ್ತದೆ. ಒಟ್ಟು ಪಿಕ್ಸೆಲ್ಲಿನಲ್ಲಿ ನೂರಕ್ಕೆ 36 ಈ ಎಳೆದಾಟಕ್ಕೇ ದಂಡ. ಇದನ್ನು ತಪ್ಪಿಸಲು 2016ರಲ್ಲಿ ಫೇಸ್‌ಬುಕ್‌ನವರು ಗೋಳವನ್ನು ಪಿರಮಿಡ್ಡಿಗೆ ಸುತ್ತಿದರು: ನೋಡುವ ದಿಕ್ಕು ಅಗಲವಾದ ತಳ, ಬೆನ್ನ ಹಿಂದಿನದು ಚೂಪು ತುದಿ. ಮರುವರ್ಷ ಗೂಗಲ್‌ನವರು ಘನದ ಆರು ಮುಖಗಳಿಗೆ ಸಮವಾಗಿ ಹಂಚುವ ದಾರಿ ಹಿಡಿದರು. ನನ್ನ ಕ್ಯಾಮೆರಾ ಹಳೆಯ ಭೂಪಟವನ್ನೇ ಕೊಡುತ್ತಿತ್ತು. ಇರಲಿ ಎಂದು ಅದನ್ನೇ ಉಳಿಸಿಕೊಂಡೆ. ಆ ಸೋಮಾರಿತನ ಮುಂದೆ ಕೈಕೊಟ್ಟಿತು.

ಇಷ್ಟೆಲ್ಲದರ ನಡುವೆ ನಮ್ಮನ್ನು ಕಾಪಾಡುವ ಒಂದು ಸಂಗತಿಯಿದೆ. ಹೆಡ್‌ಸೆಟ್ ಕಟ್ಟಿಕೊಂಡವರು ಒಂದು ಸಲಕ್ಕೆ ನೋಡುವುದು ಎದುರಿನ ಸುಮಾರು 90 ಡಿಗ್ರಿಯಷ್ಟನ್ನು ಮಾತ್ರ. ಬೆನ್ನ ಹಿಂದಿನದನ್ನು ಚೊಕ್ಕವಾಗಿ ಕಳಿಸಿ ಏನು ಪ್ರಯೋಜನ? ಹಾಗಾಗಿ ಚಿತ್ರವನ್ನು ಅಡ್ಡಕ್ಕೆ ಎಂಟು, ಉದ್ದಕ್ಕೆ ನಾಲ್ಕು, ಒಟ್ಟು 32 ತುಂಡು ಮಾಡುತ್ತೇನೆ. ಇಡೀ ಗೋಳವನ್ನು ಮಸುಕಾಗಿ, ಅಗ್ಗವಾಗಿ ಒಮ್ಮೆ ಕಳಿಸುತ್ತೇನೆ. ನೋಡುತ್ತಿರುವ ಕಡೆಯ ತುಂಡುಗಳನ್ನು ಮಾತ್ರ ಅದರ ಮೇಲೆ ಚೊಕ್ಕವಾಗಿ ಕಳಿಸುತ್ತೇನೆ. ತಲೆ ತಿರುಗಿದರೆ ತುಂಡು ಬದಲು. ನೆಟ್‌ವರ್ಕ್ ಕುಸಿದರೆ ಗುಣಮಟ್ಟ ಒಂದು ಮೆಟ್ಟಿಲು ಕೆಳಕ್ಕೆ. ಸಾಮಾನ್ಯ ಸಿನಿಮಾಕ್ಕಾದರೆ ಮುಂದಿನ ಅರ್ಧ ನಿಮಿಷದ್ದನ್ನು ಮೊದಲೇ ತುಂಬಿಟ್ಟುಕೊಂಡು ನಿಶ್ಚಿಂತರಾಗಿರಬಹುದು. ಇಲ್ಲಿ ಆಗುವುದಿಲ್ಲ. ಅರ್ಧ ನಿಮಿಷದ ನಂತರ ಮನುಷ್ಯನ ತಲೆ ಎತ್ತ ತಿರುಗಿರುತ್ತದೆಂದು ಯಾರಿಗೆ ಗೊತ್ತು? ಒಂದೆರಡು ಸೆಕೆಂಡಿನದ್ದನ್ನು ಊಹಿಸಬಹುದು, ಅದರಾಚೆ ಜ್ಯೋತಿಷ್ಯ.

ಆದರೂ ಊಹಿಸುತ್ತೇವೆ. ಬಹಳ ಜನ ನೋಡಿದ ಲೆಕ್ಕ ತೆಗೆದರೆ ಎಲ್ಲ ಕಡೆಯೂ ಒಂದೇ ಕಥೆ: ಜನ ನೋಡುವುದು ಕಣ್ಣಿನ ಮಟ್ಟದಲ್ಲಿ, ದಿಗಂತದ ಆಸುಪಾಸಿನಲ್ಲಿ. ಮನುಷ್ಯರ ಮುಖವಿದ್ದರೆ ಅತ್ತ, ಏನಾದರೂ ಅಲುಗಿದರೆ ಅತ್ತ. ನೆತ್ತಿಯ ಮೇಲೆ, ಕಾಲಬುಡದಲ್ಲಿ ನೋಡುವವರು ಕಡಿಮೆ. ಹೇಗೂ ಎಳೆದಾಡಿದ ಪಿಕ್ಸೆಲ್ಲುಗಳು ಅವು. ಹಾಗಾಗಿ ಮೇಲಿನ ಸಾಲಿಗೆ, ಕೆಳಗಿನ ಸಾಲಿಗೆ ಬಿಟ್ ಕಡಿಮೆ ಕೊಡುವುದು ನಮ್ಮಲ್ಲಿ ರೂಢಿ. ಆ ಪಟ್ಟಿಯನ್ನು ನಾನೇ ಬರೆದಿದ್ದೆ. ಪೂಜೆಗೂ ಅದನ್ನೇ ಹಾಕಿದೆ.

ಪೂಜೆಯ ದಿನ ಬೆಳಿಗ್ಗೆ ಮಗಳು ತಾತನಿಗೆ ಕನ್ನಡಕದ ಮೇಲೆಯೇ ಹೆಡ್‌ಸೆಟ್ ಕಟ್ಟಿದಳು. ಬೇರೊಂದು ಫೋನಿನಲ್ಲಿ ಅವಳ ಮಾತು ಕೇಳುತ್ತಿತ್ತು. "ಹೋರಿಗೆ ಮುಖಕ್ಕೆ ಕುಕ್ಕೆ ಹಾಕಿದ ಹಾಗಾಯ್ತಲ್ಲೇ" ಎಂದರು ಅಪ್ಪಯ್ಯ. ಆಮೇಲೆ ಮಾತಿಲ್ಲ. ಆಮೇಲೆ, "ಹೋ, ಜಗಲಿ!"

ನನ್ನ ಲ್ಯಾಪ್‌ಟಾಪಿನಲ್ಲಿ ಭೂಪಟದ ಹಾಗೆ ಹರಡಿದ ಜಗಲಿ. ಅದರ ಮೇಲೆ ಒಂದು ಹಸಿರು ಚೌಕಟ್ಟು. ಅಪ್ಪಯ್ಯ ತಲೆ ತಿರುಗಿಸಿದತ್ತ ಚೌಕಟ್ಟು ಸರಿಯುತ್ತದೆ. ಇಂಥ ಚೌಕಟ್ಟನ್ನು ಆಫೀಸಿನಲ್ಲಿ ಸಾವಿರ ಸಲ ನೋಡಿದ್ದೇನೆ. ಅವತ್ತು ಮಾತ್ರ ಅದು ಮನುಷ್ಯರ ಹಾಗೆ ನಡೆದಾಡಿತು. ಮೊದಲು ಅಂಗಳಕ್ಕೆ ಹೋಯಿತು, ಒಣಗಲು ಹಾಕಿದ ಅಡಿಕೆಯ ಮೇಲೆ ನಿಂತಿತು. ಅಲ್ಲಿಂದ ತುಳಸಿಕಟ್ಟೆ, ಅಲ್ಲಿಂದ ಬಾವಿ. ಬೇಗ ತಿರುಗಿದಾಗ ಮೊದಲು ಮಸುಕು, ಒಂದು ಸೆಕೆಂಡು ಕಳೆದ ಮೇಲೆ ಚೊಕ್ಕ. "ಆಗುಂಬೆ ಮಂಜಿನ ಹಾಗೆ ಬಂದು ಹೋಗ್ತದೆ" ಎಂದರು. ನಮ್ಮ ತಂಡದಲ್ಲಿ ಈ ದೋಷಕ್ಕೆ ಇಷ್ಟು ಚೆಂದದ ಹೆಸರನ್ನು ಯಾರೂ ಕೊಟ್ಟಿಲ್ಲ.

ಭಟ್ಟರು ಸಂಕಲ್ಪ ಶುರುಮಾಡಿದರು. ಅತ್ತೆ, ಅವರ ಸೊಸೆ, ಊರಿನ ನಾಲ್ಕು ಮನೆಯವರು ಸುತ್ತ ಕೂತಿದ್ದರು. ಊದುಬತ್ತಿಯ ಹೊಗೆ ಏಳುತ್ತಿತ್ತು. ಹೊಗೆ ನನ್ನಂಥವರ ಶತ್ರು. ಗೋಡೆ ಅಲುಗುವುದಿಲ್ಲ, 'ಹಿಂದಿನ ಹಾಗೇ' ಎಂದು ಒಂದು ಗುರುತು ಕಳಿಸಿದರೆ ಸಾಕು. ಹೊಗೆ ಪ್ರತಿ ಕ್ಷಣವೂ ಹೊಸದು, ಇದ್ದ ಬಿಟ್ಟನ್ನೆಲ್ಲ ನುಂಗುತ್ತದೆ. ಆದರೂ ಮುಖಗಳೆಲ್ಲ ಸ್ಪಷ್ಟವಾಗಿ ಹೋಗುತ್ತಿದ್ದವು. ಗೆದ್ದೆ ಅಂದುಕೊಂಡೆ.

ಆಗ ಹಸಿರು ಚೌಕಟ್ಟು ಮೇಲಕ್ಕೆ ಹೊರಟಿತು. ಮುಖಗಳನ್ನು ದಾಟಿ, ಗೋಡೆಯ ಫೋಟೋಗಳನ್ನು ದಾಟಿ, ಮಾಡಿಗೆ. ಅಲ್ಲಿಗೆ ಹೋದದ್ದೇ ಚೌಕಟ್ಟು ಚೌಕಟ್ಟಾಗಿ ಉಳಿಯಲಿಲ್ಲ. ಮೇಲಂಚಿನ ಉದ್ದಕ್ಕೂ ಪಟ್ಟಿಯಾಗಿ ಹರಡಿಕೊಂಡಿತು. ಭೂಪಟದ ಶಾಪ ಅದು. ನೆತ್ತಿಗೆ ನೋಡುವವನಿಗೆ ಮೇಲಿನ ಸಾಲಿನ ಎಂಟೂ ತುಂಡು ಒಟ್ಟಿಗೆ ಬೇಕು, ಆ ಎಂಟಕ್ಕೂ ನಾನು ಕೊಟ್ಟದ್ದು ಪುಡಿಗಾಸು. ಸಾಲದ್ದಕ್ಕೆ ಅಲ್ಲಿ ಕತ್ತಲು. ಕತ್ತಲಲ್ಲಿ ಕಪ್ಪು ಮರ. ಸಣ್ಣ ಅಲೆಗಳೆಲ್ಲ ಸೊನ್ನೆಯಾಗಿರುತ್ತವೆ.

"ಮೇಲೆ ಎಂತದೂ ಕಾಣ್ತಿಲ್ಲ ಮಾರಾಯ. ಚೌಕ ಚೌಕ ಕಾಣ್ತದೆ" ಎಂದರು ಅಪ್ಪಯ್ಯ.

"ಪೂಜೆ ಈ ಕಡೆ ಅಪ್ಪಯ್ಯ, ಸ್ವಲ್ಪ ತಲೆ ತಗ್ಗಿಸಿ."

"ಪೂಜೆ ಕೇಳ್ತದೆ."

ಪಟ್ಟಿ ಅಲ್ಲೇ ನಿಂತಿತು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ನಾನೂ ತಲೆ ಎತ್ತಿ ನೋಡಿದೆ. ತೊಲೆ, ಪಕಾಸಿ, ರೀಪು, ಮಂಗಳೂರು ಹೆಂಚು, ನಡುವೆ ಒಂದು ಗಾಜಿನ ಹೆಂಚು. ತೊಲೆಗೆ ಹೊಡೆದ ಕಬ್ಬಿಣದ ಕೊಕ್ಕೆ. ನನ್ನ ತೊಟ್ಟಿಲು ತೂಗಿದ್ದು ಅದಕ್ಕೆ ಎಂದು ಅಮ್ಮ ಹೇಳುತ್ತಿದ್ದಳು. ಗಂಟಲು ಕಟ್ಟಿತು. ಮನೆ ಮಾರಿಸಿದ ಮಗ ನಾನು. ಅಪ್ಪಯ್ಯ ದೇವರನ್ನು ಬಿಟ್ಟು ಆ ಕೊಕ್ಕೆ ನೋಡುತ್ತಿದ್ದಾರೆ. ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡು ಪಟ್ಟಿ ತಿದ್ದತೊಡಗಿದೆ. ಮೇಲಿನ ಸಾಲಿಗೆ ಇದ್ದಬದ್ದ ಬಿಟ್ಟೆಲ್ಲ ಹೋಗಲಿ. ಎಲ್ಲಿಂದ ತರುವುದು? ಭಟ್ಟರಿಂದ, ಅತ್ತೆಯಿಂದ, ಹೊಗೆಯಿಂದ. ಜಗಲಿಯ ಜನರನ್ನೆಲ್ಲ ಅತಿ ಕೆಳಗಿನ ಮೆಟ್ಟಿಲಿಗೆ ಇಳಿಸಿದೆ. ಸೆಕೆಂಡಿಗೆ 30 ಚಿತ್ರ ಇದ್ದದ್ದನ್ನು 15ಕ್ಕೆ ಇಳಿಸಿದೆ. ಮಾಡು ಅಲುಗುವುದಿಲ್ಲವಲ್ಲ.

"ಹಾಂ. ಈಗ ಬಂತು" ಎಂದರು ಅಪ್ಪಯ್ಯ. ಮತ್ತೆ ಬಹಳ ಹೊತ್ತು ಮಾತಿಲ್ಲ. ಮಂಗಳಾರತಿಯ ಜಾಗಟೆ ಕೇಳಿದಾಗ ಮಾತ್ರ ಕೆಳಗೆ ಬಂದು, ಮಸುಕು ಭಟ್ಟರ ಕೈಯ ಮಸುಕು ದೀಪಕ್ಕೆ ಅಲ್ಲಿಂದಲೇ ಕೈಮುಗಿದರಂತೆ. ಮಗಳು ಹೇಳಿದ್ದು.

ಎರಡು ದಿನ ಬಿಟ್ಟು ಬೆಂಗಳೂರಿಗೆ ಬಂದೆ. ಕೊಕ್ಕೆಯ ಮಾತನ್ನು ಅವರೇ ತೆಗೆಯಲಿ ಎಂದು ಕಾಯುತ್ತಿದ್ದೆ. ಊಟವಾದ ಮೇಲೆ ಕವಳ ಹಾಕಿಕೊಳ್ಳುತ್ತ ಅಪ್ಪಯ್ಯ ಹೇಳಿದರು: "ಜಗಲಿಯ ಬಡಗು ಬದಿ, ಕಂಬದಿಂದ ಮೂರನೇ ಪಕಾಸಿಗೆ ಒರಲೆ ಹಿಡಿದಿದೆ. ತೊಲೆಗೂ ಹತ್ತಿದ ಹಾಗೆ ಕಾಣ್ತದೆ. ಅವನಿಗೆ ಹೇಳು."

ನಾನು ನಗಬೇಕೋ ಏನೋ ತಿಳಿಯಲಿಲ್ಲ. ಅದೇ ಮಾಡಿನ ಕೆಳಗೆ ಎರಡು ರಾತ್ರಿ ಮಲಗಿ ಬಂದವನು ನಾನು. ಒಳಗೆ ಹೋಗಿ ರೆಕಾರ್ಡಿಂಗ್ ತೆರೆದೆ. ಮೂರನೇ ಪಕಾಸಿಯ ಮೇಲೆ ಇದೆ, ಮಣ್ಣಿನ ಬಣ್ಣದ ಒಂದು ಗೆರೆ. ಲೆಕ್ಕ ಹಾಕಿ ನೋಡಿದೆ. ನನ್ನ ವಿಡಿಯೊದಲ್ಲಿ ಒಂದು ಡಿಗ್ರಿಗೆ ಹತ್ತು ಚಿಲ್ಲರೆ ಪಿಕ್ಸೆಲ್. ಒಳ್ಳೆಯ ಕಣ್ಣಿಗೆ ಸುಮಾರು 60 ಬೇಕು ಅನ್ನುತ್ತಾರೆ. ಮೂರು ಮೀಟರ್ ದೂರದ ಒಂದು ಸೆಂಟಿಮೀಟರ್ ಅಗಲದ ಗೆದ್ದಲು ಗೆರೆಗೆ ಅದರಲ್ಲಿ ಸಿಗುವುದು ಎರಡು ಪಿಕ್ಸೆಲ್. ಪೊರೆಯ ಆಪರೇಷನ್ನಾದ ಎಂಬತ್ತೊಂದರ ಕಣ್ಣು ಆ ಎರಡು ಪಿಕ್ಸೆಲ್ಲನ್ನು ಹಿಡಿದಿತ್ತು. ಹಳೆಯ ಪಟ್ಟಿಯಲ್ಲಿ ಹಿಂಡಿದ ಭಾಗವನ್ನೂ ನೋಡಿದೆ. ಅಲ್ಲಿ ಗೆರೆ ಇರಲಿಲ್ಲ. ನುಣ್ಣನೆಯ ಕಪ್ಪು ಮರ.

"ಅವನು ಮನೆಯೆಲ್ಲ ನೋಡಿಯೇ ಒಪ್ಪಿದ್ದು ಅಪ್ಪಯ್ಯ" ಎಂದೆ. ರಿಜಿಸ್ಟರಿಗೆ ಇನ್ನು ಒಂಬತ್ತು ದಿನವಿತ್ತು. ಈಗ ಹೇಳಿದರೆ ರೇಟು ಇಳಿಸುತ್ತಾನೆ, ಅಥವಾ ಬೇಡವೇ ಬೇಡ ಅನ್ನುತ್ತಾನೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಅವರಿಗೆ ಕೇಳಿಸಿತು.

"ಅವ ಅಂಗಳ ನೋಡಿದ, ತೋಟ ನೋಡಿದ, ಕೋಣೆ ಎಣಿಸಿದ. ಮೇಲೆ ನೋಡ್ಲಿಲ್ಲ. ಜನ ಮೇಲೆ ನೋಡೂದಿಲ್ಲ" ಎಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಪಟ್ಟಿಯನ್ನೇ ಬಿಟ್ಟಿದ್ದರೆ, ಪೂಜೆ ನೋಡಿ ಅಂತ ಇನ್ನೊಂದು ಸಲ ಜೋರು ಮಾಡಿ ಹೇಳಿದ್ದರೆ, ಈ ತಲೆನೋವೇ ಇರುತ್ತಿರಲಿಲ್ಲ. ಈ ಯೋಚನೆ ಬಂದದ್ದು ನಿಜ, ಬರಲಿಲ್ಲ ಎಂದು ಬರೆಯಲಾರೆ. ನಿದ್ದೆ ಬಾರದ ಇಂಜಿನಿಯರ್ ಮಾಡುವುದೇನು? ಲಾಗ್ ತೆರೆದು ಕೂತೆ. ಅಪ್ಪಯ್ಯನ ತಲೆ ಯಾವ ಕ್ಷಣ ಯಾವ ಕೋನದಲ್ಲಿತ್ತು ಎಂಬ ಅಂಕಿಗಳು. ಒಟ್ಟು 41 ನಿಮಿಷ ಹೆಡ್‌ಸೆಟ್ ಕಟ್ಟಿಕೊಂಡಿದ್ದರು. ಅದರಲ್ಲಿ ಮಾಡಿಗೆ 17 ನಿಮಿಷ. ಒಂದು ಕಡೆಯಿಂದ ಸಾಲಾಗಿ, ಒಂದೊಂದೇ ಪಕಾಸಿ, ಕೂಲಿಯವರ ಕೆಲಸ ನೋಡಿಕೊಂಡು ಬರುವ ಯಜಮಾನನ ಹಾಗೆ. ಮೂರನೆಯದಕ್ಕೆ ನಾಲ್ಕು ಸಲ ಮರಳಿ ಬಂದಿದ್ದಾರೆ. ಬಾವಿಗೆ ಆರು ನಿಮಿಷ. ಕೊಕ್ಕೆಯ ಹತ್ತಿರ ನಿಂತದ್ದೇ ಇಲ್ಲ.

ನಡುವೆ 50 ಸೆಕೆಂಡು ಬೇರೊಂದು ಕೋನ ಸಿಕ್ಕಿತು. ಮಾಡೂ ಅಲ್ಲ, ಪೂಜೆಯೂ ಅಲ್ಲ. ಆ ಹೊತ್ತಿನ ಚಿತ್ರಕ್ಕೆ ಹೊಂದಿಸಿ ನೋಡಿದೆ. ಜಗಲಿಯ ಮೂಲೆಯ ಕಂಬಕ್ಕೆ ಒರಗಿ ಒಬ್ಬ ಮನುಷ್ಯ ಲ್ಯಾಪ್‌ಟಾಪಿಗೆ ಬಗ್ಗಿ ಕೂತಿದ್ದಾನೆ. ನಾನು. ಅವರಿಗೆ ಮಾಡು ಚೊಕ್ಕ ಕಾಣಲಿ ಎಂದು ಪಟ್ಟಿ ತಿದ್ದುತ್ತಿದ್ದ ಹೊತ್ತು ಅದು; ಹಸಿರು ಚೌಕಟ್ಟು ನನ್ನ ಮೇಲೆಯೇ ನಿಂತದ್ದನ್ನು ನಾನು ನೋಡಿರಲಿಲ್ಲ. ಜನರನ್ನೆಲ್ಲ ಕೆಳಗಿನ ಮೆಟ್ಟಿಲಿಗೆ ಇಳಿಸಿದ್ದೆನಲ್ಲ, ಅದರಲ್ಲಿ ನಾನೂ ಸೇರಿದ್ದೆ. ಅವರಿಗೆ ಕಂಡದ್ದು ಬೂದು ಬಣ್ಣದ ನಾಲ್ಕಾರು ಚೌಕ.

ಬೆಳಿಗ್ಗೆ ಎದ್ದು ಅವನಿಗೆ ಫೋನ್ ಮಾಡಿದೆ. ಏಣಿ ಹಾಕಿ ಹತ್ತಿ ನೋಡಿ ಮಧ್ಯಾಹ್ನ ತಿರುಗಿ ಮಾಡಿದ. ಮೂರನೆಯದು ಪೂರ್ತಿ ಟೊಳ್ಳಾಗಿತ್ತು, ನಾಲ್ಕನೆಯದೂ ಶುರುವಾಗಿತ್ತು, ತೊಲೆ ಸದ್ಯಕ್ಕೆ ಗಟ್ಟಿ. ನಲವತ್ತು ಸಾವಿರ ಕಡಿಮೆ ಮಾಡಿಕೊಳ್ಳಿ ಅಣ್ಣ ಎಂದ. ಅಪ್ಪಯ್ಯನ ಮುಖ ನೋಡಿದೆ. "ಮೂವತ್ತಕ್ಕೆ ಒಪ್ಪುತ್ತಾನೆ, ಕೇಳಿ ನೋಡು" ಎಂದರು. ಮೂವತ್ತಕ್ಕೆ ಒಪ್ಪಿದ. ಹೇಳಿದ ದಿನಕ್ಕೆ ರಿಜಿಸ್ಟರ್ ಆಯಿತು.

ಈಗ ಕೆಲಸದಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿದ್ದೇನೆ ಎಂದರೆ ಸುಳ್ಳಾಗುತ್ತದೆ. ಲಕ್ಷ ಜನ ನೋಡುವ ಕ್ರಿಕೆಟ್ಟಿಗೆ ಅದು ಸರಿಯಾದ ಪಟ್ಟಿಯೇ. ಒಬ್ಬರೇ ನೋಡುವ ವಿಡಿಯೊ ಆದಾಗ ಅವರ ಹಿಂದಿನ ಐದು ನಿಮಿಷದ ನೋಟದಿಂದ ಕಲಿತು ತಾನಾಗಿ ಬದಲಾಗಲಿ ಎಂದು ಒಂದಿಷ್ಟು ಕೋಡ್ ಬರೆದಿದ್ದೇನೆ. ಪರವಾಗಿಲ್ಲ ಅನ್ನುವಷ್ಟು ಕೆಲಸ ಮಾಡುತ್ತದೆ.

ಮೊನ್ನೆ ಅವನು ಹೊಸ ಪಕಾಸಿ ಕೂರಿಸಿದ ಫೋಟೋ ಮೊಬೈಲಿಗೆ ಕಳಿಸಿದ. ಅಪ್ಪಯ್ಯನಿಗೆ ತೋರಿಸಿದೆ. ಎರಡು ಬೆರಳಲ್ಲಿ ಎಳೆದು ಎಳೆದು ದೊಡ್ಡದು ಮಾಡಿದರು. ಮರದ ಎಳೆ ಇರಬೇಕಾದಲ್ಲಿ ಬರೀ ಚೌಕಗಳು.

"ಹಲಸಿಂದು ಹಾಕಿದನೋ ಅಕೇಶಿಯ ಹಾಕಿದನೋ ಗೊತ್ತಾಗೂದಿಲ್ಲ ಇದ್ರಲ್ಲಿ" ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. "ಕೇಳು ಅವನಿಗೆ."